ಪಾಳುಬಿದ್ದ ಗುಡಿ, ಗುಮ್ಮಟ, ಮಸೀದಿ, ಬಸದಿಗಳ ಮರುಬಳಕೆ: ಮೌಲ್ಯಮಾಪನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಗ್ರಾಮ ಪಂಚಾಯಿತಿ ಸದಸ್ಯರು, ಶಿಕ್ಷಕರು, ದೇವಸ್ಥಾನ ಸಮಿತಿಯವರು, ಮುತವಲ್ಲಿಗಳು (ವಕ್ಫ್ ಆಸ್ತಿ ನೋಡಿಕೊಳ್ಳುವವರು) ಮತ್ತು ಊರಿನ ಹಳೆಯ ಕಟ್ಟಡದ ಬಗ್ಗೆ ಕಾಳಜಿಯಿರುವ ಯುವಕರು ಕೇಳುತ್ತ ಬಂದಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಮೌಲ್ಯಮಾಪನವೆಂದರೆ, ಇಂಥ ಕಟ್ಟಡವನ್ನು ಬೇರೆ ಕೆಲಸಕ್ಕೆ ಬಳಸಬಹುದೇ, ಬಳಸುವುದಾದರೆ ಹೇಗೆ ಎಂದು ಮೊದಲೇ ಪರಿಶೀಲಿಸುವುದು. ಕೆಲವು ಉತ್ತರಗಳು ಉದ್ದವಾಗಿವೆ, ಏಕೆಂದರೆ ಆ ವಿಷಯಗಳಲ್ಲಿ ಅವಸರಪಟ್ಟು ಕೆಟ್ಟ ಕಟ್ಟಡಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಇಲ್ಲಿ ಹೇಳುತ್ತಿರುವುದು ಯಾವ ಬಗೆಯ ಕಟ್ಟಡಗಳ ಬಗ್ಗೆ?

ಪೂಜೆ, ನಮಾಜು, ಆರಾಧನೆ ಅಥವಾ ಪ್ರಾರ್ಥನೆಗಾಗಿ ಕಟ್ಟಿದ್ದು, ಈಗ ಆ ಕೆಲಸ ನಡೆಯದೆ ನಿಂತಿರುವ ಹಳೆಯ ಕಟ್ಟಡಗಳ ಬಗ್ಗೆ. ಕಲ್ಯಾಣದ ಚಾಲುಕ್ಯರ ಕಾಲದ ಗರ್ಭಗುಡಿ ಬರಿದಾದ ಶಿವಾಲಯಗಳು, ಜೈನ ಕುಟುಂಬಗಳು ಊರು ಬಿಟ್ಟ ಮೇಲೆ ಬೀಗ ಬಿದ್ದ ಬಸದಿಗಳು, ಹೊಲದ ನಡುವೆ ಉಳಿದ ಬಹಮನಿ ಕಾಲದ ಸಣ್ಣ ಮಸೀದಿಗಳು, ಹೆಸರೇ ಮರೆತುಹೋದವರ ಗೋರಿಗಳ ಮೇಲಿನ ಗುಮ್ಮಟಗಳು, ಸಭೆ ಬೇರೆ ಕಡೆಗೆ ಹೋದ ಮಿಷನ್ ಕಾಲದ ಪ್ರಾರ್ಥನಾ ಮಂದಿರಗಳು ಇದರಲ್ಲಿ ಸೇರುತ್ತವೆ. ನಮ್ಮ ಭಾಗದಲ್ಲಿ ಇಂಥವು ಎಷ್ಟಿವೆಯೆಂದರೆ, ಶಹಾಪುರ ತಾಲ್ಲೂಕಿನ ಶಿರವಾಳದಲ್ಲಿ ಗುಡಿಗಳ ಗುಂಪಿನ ನಡುವೆಯೇ ಊರು ಬದುಕುತ್ತಿದೆ. ನಿತ್ಯಪೂಜೆ ನಡೆಯುವ ಗುಡಿಗಳಿಗೂ, ಐದು ಹೊತ್ತು ನಮಾಜು ನಡೆಯುವ ಮಸೀದಿಗಳಿಗೂ ಈ ಮಾತುಗಳು ಅನ್ವಯಿಸುವುದಿಲ್ಲ.

ಕಟ್ಟಡ ಬಳಕೆಯಲ್ಲಿಲ್ಲ ಎಂದು ನಿರ್ಧರಿಸುವುದು ಹೇಗೆ? ಬೀಗ ಬಿದ್ದಿದ್ದರೆ ಸಾಲದೇ?

ಸಾಲದು. ನಮ್ಮ ಅನುಭವದಲ್ಲಿ ಇಡೀ ಮೌಲ್ಯಮಾಪನದ ಅರ್ಧ ಕೆಲಸ ಈ ಒಂದು ಪ್ರಶ್ನೆಯಲ್ಲಿಯೇ ಇದೆ, ಮತ್ತು ಹೆಚ್ಚಿನ ಜಗಳಗಳು ಹುಟ್ಟುವುದೂ ಈ ಪ್ರಶ್ನೆಯನ್ನು ಹಾರಿಸಿ ಮುಂದೆ ಹೋದಾಗಲೇ.

ಮೊಹರಂ ಆಚರಿಸುವ ಯಾವುದೇ ಹಳ್ಳಿಯ ಆಶುರಖಾನೆಯನ್ನು, ಅಂದರೆ ಮೊಹರಮ್ಮಿನಲ್ಲಿ ಪೀರಲ ದೇವರನ್ನು ಕೂರಿಸುವ ಕಟ್ಟಡವನ್ನು ನೋಡಿ. ವರ್ಷದ ಬಹುಪಾಲು ದಿನ ಬಾಗಿಲು ಮುಚ್ಚಿರುತ್ತದೆ, ಮುಂದಿನ ಅಲಾಯಿ ಕುಣಿಯಲ್ಲಿ (ಮೊಹರಂ ಬೆಂಕಿಯ ಗುಂಡಿಯಲ್ಲಿ) ಹುಲ್ಲು ಬೆಳೆದಿರುತ್ತದೆ, ಕಟ್ಟೆಯ ಮೇಲೆ ಮಕ್ಕಳು ಆಡುತ್ತಿರುತ್ತಾರೆ. ಹೊರಗಿನಿಂದ ಬಂದ ಸಮೀಕ್ಷಕನೊಬ್ಬ ಅದನ್ನು ಪಾಳು ಕಟ್ಟಡವೆಂದು ಬರೆದುಕೊಂಡು ಹೋದರೆ ಆಶ್ಚರ್ಯವಿಲ್ಲ. ಆದರೆ ಚಂದ್ರ ಕಂಡ ಮರುದಿನ ಅದೇ ಬಾಗಿಲು ತೆರೆಯುತ್ತದೆ, ಪೀರಲ ದೇವರು ಕೂಡುತ್ತವೆ, ಹರಕೆ ಹೊತ್ತ ಹಿಂದೂ ಮನೆಗಳವರು ಸಕ್ಕರೆ ಓದಿಸಲು ಸಾಲುಗಟ್ಟಿ ಬರುತ್ತಾರೆ. ವರ್ಷಕ್ಕೆ ಹತ್ತು ದಿನ ಬಳಸುವ ಕಟ್ಟಡವೂ ಬಳಕೆಯಲ್ಲಿರುವ ಕಟ್ಟಡವೇ.

ಬೀದರ್ ಬಳಿಯ ಅಷ್ಟೂರಿನ ಗುಮ್ಮಟಗಳು ಪ್ರವಾಸಿಗರ ಕಣ್ಣಿಗೆ ರಾಜರ ಗೋರಿಗಳಷ್ಟೆ. ಆದರೆ ಅಲ್ಲಿ ಗೋರಿಯಿರುವ ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯನ್ನು ಮುಸಲ್ಮಾನರು ವಲಿ, ಅಂದರೆ ಸಂತನೆಂದೂ, ಲಿಂಗಾಯತರಲ್ಲಿ ಅನೇಕರು ಅಲ್ಲಮಪ್ರಭುವಿನ ರೂಪವೆಂದೂ ನಂಬಿ ನಡೆದುಕೊಳ್ಳುತ್ತಾರೆ. ಉರುಸಿನ ವಿಧಿಗೆ ಆಳಂದ ಸೀಮೆಯ ಮಾಡಿಯಾಳದಿಂದ ಜಂಗಮರು ಬರುವ ಪದ್ಧತಿ ಇಂದಿಗೂ ಇದೆ. ಸ್ಮಾರಕವೆಂಬ ಫಲಕ ನೆಟ್ಟ ಮಾತ್ರಕ್ಕೆ ಭಕ್ತಿ ಜಾಗ ಖಾಲಿ ಮಾಡಿಕೊಂಡು ಹೋಗುವುದಿಲ್ಲ.

ಆದ್ದರಿಂದ ನಾವು ಸೂಚಿಸುವ ಕ್ರಮ ಸರಳವಾಗಿದೆ, ಆದರೆ ತಾಳ್ಮೆ ಬೇಡುತ್ತದೆ. ಒಂದು ಪೂರ್ಣ ವರ್ಷ, ಅಂದರೆ ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ, ಆ ಕಟ್ಟಡಕ್ಕೆ ಯಾರು ಯಾವಾಗ ಬರುತ್ತಾರೆಂದು ಗಮನಿಸಬೇಕು. ಅಮಾವಾಸ್ಯೆ, ನಾಗರಪಂಚಮಿ, ಸೀಗೆ ಹುಣ್ಣಿಮೆ, ಎಳ್ಳಮಾಸೆ, ಶಿವರಾತ್ರಿ, ಮೊಹರಂ, ಊರ ಜಾತ್ರೆ, ಉರುಸು, ಇವುಗಳ ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಹೊಸ್ತಿಲ ಬಳಿ ಎಣ್ಣೆಯ ಕಲೆ, ಒಡೆದ ತೆಂಗಿನ ಚಿಪ್ಪು, ಊದುಬತ್ತಿಯ ಬೂದಿ ಕಾಣಬಹುದು. ಕೇಳುವಾಗ ಗಂಡಸರನ್ನು ಮಾತ್ರ ಕೇಳಬೇಡಿ. ಊರ ಕಟ್ಟೆಯಲ್ಲಿ ಕೂತವರು "ಅಲ್ಲಿ ಯಾರೂ ಹೋಗಲ್ರೀ" ಎಂದು ಹೇಳಿದ ಗುಡಿಗೆ, ಮಕ್ಕಳಿಗೆ ಜ್ವರ ಬಂದಾಗ ದೀಪ ಹಚ್ಚಿ ಬರುವ ನಾಲ್ಕು ಮನೆಯ ಹೆಣ್ಣುಮಕ್ಕಳು ಇದ್ದೇ ಇರುತ್ತಾರೆ.

ಮೂರ್ತಿ ಭಗ್ನವಾಗಿದೆ, ಅರ್ಚಕರಿಲ್ಲ. ಹಾಗಾದರೆ ಕಟ್ಟಡ ಯಾರದು?

ಮೂರು ಪರಂಪರೆಗಳು ಇದಕ್ಕೆ ಮೂರು ರೀತಿ ಉತ್ತರಿಸುತ್ತವೆ. ಹಿಂದೂ ಕಾನೂನಿನ ದೃಷ್ಟಿಯಲ್ಲಿ ಪ್ರತಿಷ್ಠಾಪಿತ ದೇವರು ಒಬ್ಬ ನ್ಯಾಯಿಕ ವ್ಯಕ್ತಿ. ಆಸ್ತಿ ದೇವರ ಹೆಸರಿನಲ್ಲಿರುತ್ತದೆ, ಉಳಿದವರು ನೋಡಿಕೊಳ್ಳುವವರು ಮಾತ್ರ. ಮೂರ್ತಿ ಭಗ್ನವಾದ ಮಾತ್ರಕ್ಕೆ ಅಥವಾ ಪೂಜೆ ನಿಂತ ಮಾತ್ರಕ್ಕೆ ಆ ಹಕ್ಕು ಯಾರಿಗೂ ತಾನಾಗಿ ಬಂದು ಸೇರುವುದಿಲ್ಲ. ವಕ್ಫ್ ಆಸ್ತಿಯಲ್ಲಿ ಒಮ್ಮೆ ದೇವರ ಹೆಸರಿಗೆ ಬಿಟ್ಟದ್ದನ್ನು ಹಿಂದೆ ಪಡೆಯುವಂತಿಲ್ಲವೆಂಬುದು ಮೂಲ ತತ್ವ. 1995ರ ವಕ್ಫ್ ಕಾಯ್ದೆಯೂ ಅದಕ್ಕೆ 2025ರಲ್ಲಿ ಆದ ತಿದ್ದುಪಡಿಯೂ ಇಲ್ಲಿ ಅನ್ವಯಿಸುವುದರಿಂದ ಮುತವಲ್ಲಿಯ ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಮುಂದುವರಿಯಬಾರದು. ಕ್ಯಾಥೊಲಿಕ್ ಚರ್ಚಿನಲ್ಲಿ ಮಾತ್ರ ಇದಕ್ಕೆ ಸ್ಪಷ್ಟವಾದ ಬಾಗಿಲೊಂದಿದೆ: ಆರಾಧನೆಗೆ ಬಳಸಲಾಗದ, ದುರಸ್ತಿಯೂ ಸಾಧ್ಯವಾಗದ ಚರ್ಚನ್ನು ಬಿಷಪ್ಪರು ಲೌಕಿಕ ಬಳಕೆಗೆ ಬಿಟ್ಟುಕೊಡಬಹುದು, ಆದರೆ ಆ ಬಳಕೆ ಹೀನವಾಗಿರಬಾರದು ಎಂದು ಅವರ ಧರ್ಮಸಂಹಿತೆಯೇ ಹೇಳುತ್ತದೆ. ಯುರೋಪಿನಲ್ಲಿ ಚರ್ಚುಗಳ ಮರುಬಳಕೆ ಸಲೀಸಾಗಿ ನಡೆಯುವುದಕ್ಕೆ ಈ ಬಾಗಿಲು ಒಂದು ಕಾರಣ.

ಕಾಗದದ ಕೆಲಸ ಪಹಣಿಯಿಂದ ಆರಂಭವಾಗಲಿ. ನಮ್ಮದು ನಿಜಾಮರ ಆಳ್ವಿಕೆಯಲ್ಲಿದ್ದ ಪ್ರದೇಶವಾದ್ದರಿಂದ ಹಳೆಯ ಇನಾಂ ದಾಖಲೆಗಳು ಉರ್ದುವಿನಲ್ಲಿರುವುದು ಸಾಮಾನ್ಯ. ಓದಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಅರ್ಧ ಗೊಂದಲ ಅಲ್ಲಿಯೇ ಬಗೆಹರಿಯುತ್ತದೆ.

ಕಾನೂನಿನ ಅಡ್ಡಿಗಳು ಯಾವುವು?

ಮೊದಲು ಕಟ್ಟಡ ಯಾವುದಾದರೂ ಸಂರಕ್ಷಿತ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಕೇಂದ್ರ ಸರ್ಕಾರದ ಸಂರಕ್ಷಣೆಯಲ್ಲಿದ್ದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಅನ್ವಯಿಸುತ್ತದೆ. ಅದರ 16ನೇ ಪ್ರಕರಣದ ಪ್ರಕಾರ ಪೂಜಾಸ್ಥಳವಾಗಿರುವ ಸಂರಕ್ಷಿತ ಸ್ಮಾರಕವನ್ನು ಅದರ ಸ್ವರೂಪಕ್ಕೆ ಹೊಂದದ ಯಾವ ಉದ್ದೇಶಕ್ಕೂ ಬಳಸುವಂತಿಲ್ಲ. 2010ರ ತಿದ್ದುಪಡಿಯ ನಂತರ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರಿನವರೆಗೆ ನಿರ್ಮಾಣ ನಿಷಿದ್ಧ, ಅದರಾಚೆಗಿನ 200 ಮೀಟರಿನಲ್ಲಿ ಅನುಮತಿ ಕಡ್ಡಾಯ. ರಾಜ್ಯದ ಪಟ್ಟಿಯಲ್ಲಿದ್ದರೆ ಇದೇ ವಿಷಯದ 1961ರ ಕರ್ನಾಟಕ ಕಾಯ್ದೆ. ಮುಜರಾಯಿ (ಸರ್ಕಾರದ ಆಡಳಿತಕ್ಕೆ ಸೇರಿದ) ಗುಡಿಯಾದರೆ 1997ರ ಧಾರ್ಮಿಕ ಸಂಸ್ಥೆಗಳ ಕಾಯ್ದೆ. ಇವುಗಳ ಜೊತೆಗೆ 1991ರ ಪೂಜಾಸ್ಥಳಗಳ ಕಾಯ್ದೆಯು ಒಂದು ಪಂಥದ ಪೂಜಾಸ್ಥಳವನ್ನು ಮತ್ತೊಂದು ಪಂಥದ್ದಾಗಿ ಮಾರ್ಪಡಿಸುವುದನ್ನು ನಿಷೇಧಿಸಿದೆ. ಮರುಬಳಕೆಯ ಹೆಸರಿನಲ್ಲಿ ಯಾರಾದರೂ ಅಂಥ ಮಾರ್ಪಾಡಿನ ಕಡೆಗೆ ಒಯ್ಯುತ್ತಿದ್ದಾರೆ ಎಂದು ಅನಿಸಿದರೆ ಮೌಲ್ಯಮಾಪನ ಮಾಡುವವರು ಅಲ್ಲಿಗೇ ಕಡತ ಮುಚ್ಚುವುದು ಕ್ಷೇಮ.

ನೆಲ ಸ್ವಚ್ಛಗೊಳಿಸುವಾಗ ನಾಣ್ಯ, ತಾಮ್ರಪಟ, ಹೂತ ಮೂರ್ತಿ ಸಿಕ್ಕರೆ ಕೆಲಸ ನಿಲ್ಲಿಸಿ ಜಿಲ್ಲಾಡಳಿತಕ್ಕೆ ತಿಳಿಸಬೇಕು. 1962ರ ಕರ್ನಾಟಕದ ನಿಧಿ ಕಾಯ್ದೆ ಇದನ್ನು ಹೇಳುತ್ತದೆ. ನಿಧಿಗಳ್ಳರು ನಂದಿಯ ಬುಡ, ಲಿಂಗದ ಪೀಠ ಅಗೆದುಹಾಕದ ಹಾಳು ಗುಡಿ ನಮ್ಮ ಕಡೆ ವಿರಳವಾದ್ದರಿಂದ, ಈ ತಿಳಿಸುವ ಕೆಲಸವನ್ನು ತಡಮಾಡಿದಷ್ಟೂ ಅನುಮಾನ ನಿಮ್ಮ ಮೇಲೆಯೇ ಬೀಳುತ್ತದೆ.

ಉಳಿದಂತೆ, ಯಾವ ಪಟ್ಟಿಯಲ್ಲೂ ಇಲ್ಲದ ಕಟ್ಟಡಗಳೇ ಹೆಚ್ಚು, ಮತ್ತು ಮರುಬಳಕೆಯ ನಿಜವಾದ ಅವಕಾಶವಿರುವುದೂ ಅವುಗಳಲ್ಲಿ. ಪರಂಪರೆಯ ಸಂರಕ್ಷಣೆಗಾಗಿ ದುಡಿಯುವ ಇಂಟಾಕ್ ಸಂಸ್ಥೆಯ 2004ರ ಸನ್ನದು ಇಂಥ ಅಸಂರಕ್ಷಿತ ಪರಂಪರೆಯನ್ನೇ ಮುಖ್ಯವಾಗಿ ಗಮನಕ್ಕೆ ತೆಗೆದುಕೊಂಡಿದೆ.

ನಮ್ಮ ಭಾಗದಲ್ಲಿ ಹಿಂದೆ ಇಂಥ ಮರುಬಳಕೆ ನಡೆದಿದೆಯೇ?

ಧಾರಾಳವಾಗಿ ನಡೆದಿದೆ, ಒಳ್ಳೆಯದೂ ಕೆಟ್ಟದ್ದೂ.

ಕೆಟ್ಟದ್ದರಲ್ಲಿ ಮೊದಲ ಹೆಸರು ಬಹಮನಿ ಮಂತ್ರಿ ಮಹಮೂದ್ ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದರಸಾ. 1472ರಲ್ಲಿ ಕಟ್ಟಿದ, ಮಸೀದಿ ಮತ್ತು ಗ್ರಂಥಾಲಯಗಳಿದ್ದ ಈ ಮೂರಂತಸ್ತಿನ ವಿದ್ಯಾಲಯವು ಔರಂಗಜೇಬನ ಸೈನ್ಯ ಬೀದರನ್ನು ಗೆದ್ದ ಮೇಲೆ ಕುದುರೆ ಪಡೆಯ ವಸತಿಯಾಯಿತು, ಒಂದು ಭಾಗದಲ್ಲಿ ಸಿಡಿಮದ್ದು ತುಂಬಲಾಯಿತು. 17ನೇ ಶತಮಾನದ ಕೊನೆಯಲ್ಲಿ ಆ ಮದ್ದು ಸ್ಫೋಟಿಸಿ ಮುಂಭಾಗದ ಒಂದು ಮಿನಾರು ಮತ್ತು ಗೋಡೆಗಳ ದೊಡ್ಡ ಭಾಗ ನೆಲಸಮವಾದವು. ಇಂದು ಉಳಿದ ಒಂಟಿ ಮಿನಾರಿನ ಮೇಲಿನ ನೀಲಿ-ಹಸಿರು ಹೆಂಚಿನ ಚೂರುಗಳನ್ನು ನೋಡುತ್ತ ನಿಂತವರಿಗೆ, ಕಟ್ಟಡಕ್ಕೆ ಹೊಂದದ ಬಳಕೆ ಎಂದರೇನು ಎಂಬುದನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಚಿತ್ತಾಪುರ ತಾಲ್ಲೂಕಿನ ಸನ್ನತಿಯದು ಬೇರೆ ತರಹದ ಕಥೆ. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ಮೂರ್ತಿಯ ಪೀಠಕ್ಕೆ ಬಳಸಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನವಿರುವುದು ಕಂಡುಬಂತು. ಹಿಂದಿನವರು ಕೈಗೆ ಸಿಕ್ಕ ಒಳ್ಳೆಯ ಕಲ್ಲನ್ನು ಮರುಬಳಸಿದ್ದರು. ಅವರ ಆ ಮರುಬಳಕೆಯೇ ಶಾಸನವನ್ನು ಉಳಿಸಿತು ಎಂದೂ ಹೇಳಬಹುದು, ಮರೆಮಾಡಿತು ಎಂದೂ ಹೇಳಬಹುದು. ಹಾಳು ಗುಡಿಯ ನೆಲದ ಚಪ್ಪಡಿಯನ್ನು ಕೂಡ ಮಗುಚಿ ನೋಡದೆ ಹೊರಗೆ ಸಾಗಿಸಬಾರದು ಎಂದು ನಾವು ಹಟ ಹಿಡಿಯುವುದು ಈ ಕಾರಣಕ್ಕೆ.

ಪಕ್ಕದ ವಿಜಯಪುರದಲ್ಲಿ ಬ್ರಿಟಿಷರ ಕಾಲದಲ್ಲಿ ಒಂದು ಮಸೀದಿ ಅಂಚೆ ಕಚೇರಿಯಾಗಿತ್ತು, ಇನ್ನೊಂದು ಪ್ರವಾಸಿ ಬಂಗಲೆಯಾಗಿತ್ತು. ಅವುಗಳನ್ನು ತೆರವುಗೊಳಿಸಿದ ವೈಸರಾಯ್ ಕರ್ಜನ್ನನ ಕಾಲದಲ್ಲಿಯೇ 1904ರ ಪ್ರಾಚೀನ ಸ್ಮಾರಕ ಕಾಯ್ದೆ ಬಂತು. ಅದೇ ಊರಿನಲ್ಲಿ ಗೋಳಗುಮ್ಮಟದ ಮುಂದಿನ ನಗಾರಖಾನೆ 1892ರಲ್ಲಿ ವಸ್ತುಸಂಗ್ರಹಾಲಯವಾಗಿ ಇಂದಿಗೂ ಚೆನ್ನಾಗಿ ನಡೆಯುತ್ತಿದೆ. ಕಲಬುರಗಿಯಲ್ಲಿಯೂ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಹಮನಿ ಕಾಲದ ಗುಮ್ಮಟಗಳು ಆಸರೆಯಾದವು. ಬೀದರಿನಲ್ಲಿ 1577ರ ಅಲಿ ಬರೀದನ ಗೋರಿಯ ಸುತ್ತಲಿನ ಜಾಗ ಉದ್ಯಾನವಾಗಿದೆ. ನಾಲ್ಕೂ ಕಡೆ ಕಮಾನು ತೆರೆದ ಆ ಗುಮ್ಮಟಕ್ಕೆ ಒಂದು ಮೊಳೆಯನ್ನೂ ಹೊಡೆಯದೆ, ಸುತ್ತಲಿನ ನೆಲವನ್ನು ಮಾತ್ರ ಬಳಸಿ, ಬೆಳಗಿನ ಹೊತ್ತು ನಡೆಯಲು ಬರುವವರಿಗೂ ಸಂಜೆ ಕೂತು ಮಾತಾಡುವವರಿಗೂ ಜಾಗ ಕೊಟ್ಟ ಈ ಬಗೆಯ ಬಳಕೆ ನಮಗೆ ಎಲ್ಲಕ್ಕಿಂತ ಹೆಚ್ಚು ಇಷ್ಟ.

ಮೌಲ್ಯಮಾಪನದಲ್ಲಿ ಕಟ್ಟಡದ ಪರೀಕ್ಷೆ ಎಲ್ಲಿಂದ ಆರಂಭವಾಗಬೇಕು?

ಗುಡಿಸುವುದಕ್ಕೂ ಮುಂಚೆ, ದಾಖಲಿಸುವುದರಿಂದ. ಕಸ ತೆಗೆದ ಮೇಲೆ ತೆಗೆದ ಫೋಟೋ ಅರ್ಧ ಸಾಕ್ಷಿ ಮಾತ್ರ. ಬಿದ್ದ ಕಲ್ಲು ಎಲ್ಲಿ ಬಿದ್ದಿದೆ ಎಂಬುದು ಅದು ಎಲ್ಲಿಂದ ಬಿತ್ತು ಎಂಬುದನ್ನು ಹೇಳುತ್ತದೆ. ನಾಲ್ಕು ಗೋಡೆ, ಚಾವಣಿ, ನೆಲ, ಪ್ರತಿ ಕಂಬ, ಪ್ರತಿ ಬರಹ, ಹೀಗೆ ಫೋಟೋ ತೆಗೆದು, ಅಳತೆಯ ನಕ್ಷೆ ಬರೆದು, ದಿನಾಂಕ ಹಾಕಿ ಇಡಬೇಕು.

ನಂತರ ಬಿರುಕುಗಳು. ಬಿರುಕು ಹಳೆಯದೋ ಈಗಲೂ ಬೆಳೆಯುತ್ತಿದೆಯೋ ಎಂದು ತಿಳಿಯಲು ದುಬಾರಿ ಯಂತ್ರ ಬೇಡ. ಬಿರುಕಿಗೆ ಅಡ್ಡಲಾಗಿ ಬೆರಳಗಲದ ತೆಳುವಾದ ಗಾಜಿನ ಪಟ್ಟಿಯನ್ನಿಟ್ಟು ಎರಡೂ ತುದಿಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಕೂರಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ದಿನಾಂಕ ಬರೆದಿಡಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಕೆತ್ತನೆಯ ಮೇಲೆ ಮಾತ್ರ ಇದನ್ನು ಮಾಡಬಾರದು. ಕಲಬುರಗಿ ಸೀಮೆಯ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ನಿಂತ ಕಟ್ಟಡದ ಬಿರುಕನ್ನು ಮಾರ್ಚಿಯಲ್ಲಿ ಒಮ್ಮೆ ನೋಡಿ ತೀರ್ಪು ಕೊಡುವುದು ತಪ್ಪು. ಕನಿಷ್ಠ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆಯಬೇಕು. ಬೀದರಿನಲ್ಲಿ ನೆಲ ಬೇರೆ, ಕಲ್ಲು ಬೇರೆ. ಅಲ್ಲಿಯ ಕೆಂಪು ಜಂಬಿಟ್ಟಿಗೆ ರಂಧ್ರಗಳಿಂದ ಕೂಡಿದ್ದು ನೀರು ಹೀರುತ್ತದೆ. ಹಿಂದಿನವರು ಅದಕ್ಕೆ ಗಾರೆಯ ಹೊದಿಕೆ ಕೊಟ್ಟದ್ದು ಬರೀ ಅಂದಕ್ಕಲ್ಲ. "ಕಲ್ಲಿನ ಸೌಂದರ್ಯ ಕಾಣಲಿ" ಎಂದು ಆ ಹೊದಿಕೆಯನ್ನು ಕೆರೆದು ತೆಗೆಯುವವರು ಕಟ್ಟಡದ ಕೊಡೆಯನ್ನೇ ಕಿತ್ತುಕೊಂಡಂತೆ.

ಮೂರನೆಯದಾಗಿ ನೀರು. ಮಳೆ ಸುರಿಯುವಾಗ ಕೊಡೆ ಹಿಡಿದು ಹೋಗಿ ಒಳಗೆ ನಿಲ್ಲಿ. ಎಲ್ಲಿ ತೊಟ್ಟಿಕ್ಕುತ್ತದೆ, ಗೋಡೆಯ ಬುಡದಲ್ಲಿ ತೇವ ಎಷ್ಟು ಎತ್ತರಕ್ಕೆ ಏರುತ್ತದೆ, ಚಾವಣಿಯ ನೀರು ಎಲ್ಲಿ ಬೀಳುತ್ತದೆ ಎಂಬುದು ಆ ಒಂದು ಗಂಟೆಯಲ್ಲಿ ತಿಳಿಯುವಷ್ಟು ಯಾವ ವರದಿಯಲ್ಲೂ ತಿಳಿಯದು. ಗುಮ್ಮಟದ ನೆತ್ತಿಯಲ್ಲಿ ಅರಳಿ ಸಸಿ ಇದ್ದರೆ ಅದನ್ನು ಎಳೆದು ಕೀಳಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ಕತ್ತರಿಸಿ, ಬೇರನ್ನು ಸಾಯಿಸಿ, ನಂತರ ಬಿರುಕನ್ನು ಸುಣ್ಣದ ಗಾರೆಯಿಂದ ತುಂಬಬೇಕು. ಬಾವಲಿಗಳಿದ್ದರೆ ಮೂಗು-ಬಾಯಿಗೆ ಬಟ್ಟೆ ಕಟ್ಟದೆ ಒಳಗೆ ಗುಡಿಸಬಾರದು, ಒಣ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಅಂಕ ಕೊಟ್ಟು ಯಾವ ಬಳಕೆ ಸೂಕ್ತವೆಂದು ಲೆಕ್ಕ ಹಾಕುವ ಕೋಷ್ಟಕಗಳಿವೆ. ಅವುಗಳನ್ನು ಬಳಸಬಹುದೇ?

ಮಾತುಕತೆ ಆರಂಭಿಸಲು ಬಳಸಬಹುದು, ತೀರ್ಮಾನಕ್ಕೆ ಬಳಸಬಾರದು. ಐತಿಹಾಸಿಕ ಮೌಲ್ಯಕ್ಕೆ ಇಷ್ಟು, ವಾಸ್ತುವಿಗೆ ಇಷ್ಟು, ಆದಾಯಕ್ಕೆ ಇಷ್ಟು, ಜನರ ಒಪ್ಪಿಗೆಗೆ ಇಷ್ಟು ಎಂದು ಅಂಕ ಹಾಕಿ ಕೂಡಿಸುವ ಪದ್ಧತಿಯಲ್ಲಿ ಒಂದು ಮೂಲದೋಷವಿದೆ: ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಹೆಚ್ಚಳ ಮುಚ್ಚಿಹಾಕುತ್ತದೆ. ಆದಾಯಕ್ಕೆ ಹತ್ತಕ್ಕೆ ಒಂಬತ್ತು, ಊರವರ ಒಪ್ಪಿಗೆಗೆ ಹತ್ತಕ್ಕೆ ಒಂದು ಬಂದ ಯೋಜನೆಯ ಸರಾಸರಿ ಐದು ಎಂದು ಕಾಗದ ಹೇಳಿದರೆ, ಅದು ನಿಜದಲ್ಲಿ ಸೊನ್ನೆಯೇ. ನಾಲ್ಕು ಸಂಗತಿಗಳನ್ನು ಅಂಕದ ಹೊರಗಿಟ್ಟು ಹೌದು-ಇಲ್ಲ ಎಂಬ ಉತ್ತರ ಪಡೆಯಬೇಕೆಂಬುದು ನಮ್ಮ ನಿಲುವು. ಅಲ್ಲಿ ಈಗಲೂ ನಡೆದುಕೊಳ್ಳುವವರು ಒಪ್ಪಿದ್ದಾರೆಯೇ, ಕಾನೂನು ಬಿಡುತ್ತದೆಯೇ, ಗೋಡೆ ಮತ್ತು ಅಡಿಪಾಯ ತಡೆಯುತ್ತವೆಯೇ, ನಾಳೆ ಬೇಡವೆಂದರೆ ಗುರುತೂ ಉಳಿಯದಂತೆ ತೆಗೆಯಬಹುದೇ. ಒಂದಕ್ಕೆ ಇಲ್ಲವೆಂದು ಉತ್ತರ ಬಂದರೂ ಆ ಬಳಕೆಯನ್ನು ಕೈಬಿಡಬೇಕು. ನಾಲ್ಕನ್ನೂ ದಾಟಿದ ಬಳಕೆಗಳ ನಡುವೆ ಆಯ್ಕೆ ಮಾಡಲು ಅಂಕಪಟ್ಟಿ ಹಾಕಿಕೊಳ್ಳಿ, ಅಡ್ಡಿಯಿಲ್ಲ.

ಸ್ಮಾರಕಗಳ ಸಂರಕ್ಷಣೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 1964ರ ವೆನಿಸ್ ಸನ್ನದು ಹೇಳುವುದೂ ಇದನ್ನೇ: ಸ್ಮಾರಕಕ್ಕೆ ಸಮಾಜೋಪಯೋಗಿ ಬಳಕೆ ಸಿಕ್ಕರೆ ಒಳ್ಳೆಯದು, ಆದರೆ ಅದಕ್ಕಾಗಿ ಕಟ್ಟಡದ ವಿನ್ಯಾಸವನ್ನಾಗಲಿ ಅಲಂಕಾರವನ್ನಾಗಲಿ ಬದಲಿಸಬಾರದು.

ಊರಿಗೆ ಗ್ರಂಥಾಲಯ ಬೇಕಾಗಿದೆ. ಹಾಳು ಗುಡಿಯಲ್ಲಿ ಅಥವಾ ಗುಮ್ಮಟದಲ್ಲಿ ಮಾಡಬಹುದೇ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು, ಮತ್ತು ಭಾವನೆಯಾಗಿ ಎಲ್ಲಕ್ಕಿಂತ ಒಳ್ಳೆಯದು. ಗುಡಿ ಮತ್ತು ಪುಸ್ತಕದ ನಂಟು ನಮಗೆ ಹೊಸದೂ ಅಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯಾಕೇಂದ್ರವಿತ್ತು. ಅಲ್ಲಿನ 1058ರ ಶಾಸನವು ಅಧ್ಯಾಪಕರ ಜೊತೆಗೆ ಪುಸ್ತಕ ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. ಇಂದು ಆರು ಹಳ್ಳಿಗೊಬ್ಬ ಗ್ರಂಥಪಾಲಕ ಸಿಕ್ಕರೂ ನಮ್ಮ ಪುಣ್ಯ.

ಆದರೆ ಪುಸ್ತಕ ಭಾರದ ವಸ್ತು. ಒಂದು ಮೀಟರ್ ಉದ್ದದ ಸಾಲಿನಲ್ಲಿ 25ರಿಂದ 35 ಕಿಲೋ ತೂಕವಿರುತ್ತದೆ. ಆಳೆತ್ತರದ ಒಂದು ಕಪಾಟು ತುಂಬಿದರೆ ಎರಡು ಜೋಳದ ಚೀಲಕ್ಕಿಂತ ಹೆಚ್ಚಿನ ಭಾರ ನಾಲ್ಕು ಸಣ್ಣ ಕಾಲುಗಳ ಮೇಲೆ ಬೀಳುತ್ತದೆ. ನೆಲದ ಚಪ್ಪಡಿಯ ಕೆಳಗೆ ಟೊಳ್ಳಿದ್ದರೆ ಅದು ಒಡೆಯುತ್ತದೆ. ಗೋರಿಗಳಿರುವ ಗುಮ್ಮಟದಲ್ಲಿ ಕೆಳಗೆ ಟೊಳ್ಳಿರುವ ಸಾಧ್ಯತೆ ಹೆಚ್ಚು, ಮತ್ತು ಗೋರಿಯ ಮೇಲೆ ಕಪಾಟು ಇಡುವ ಮಾತೇ ಇಲ್ಲ. ಕಪಾಟುಗಳಿಗೆ ತಳದಲ್ಲಿ ಅಗಲವಾದ ಹಲಗೆ ಕೊಡಬೇಕು, ಗೋಡೆಗೆ ತಾಗದಂತೆ ಒಂದು ಮೊಳ ದೂರ ನಿಲ್ಲಿಸಬೇಕು, ಗೋಡೆಗೆ ಮೊಳೆ ಹೊಡೆಯಬಾರದು. ತೇವ ಏರುವ ಗೋಡೆಯಿದ್ದರೆ ಎರಡು ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುವುದು ಖಂಡಿತ.

ಗುಮ್ಮಟದಡಿಯಲ್ಲಿ ದನಿಯ ಸಮಸ್ಯೆಯೂ ಇದೆ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ಸದ್ದು ಪೂರ್ತಿ ಅಡಗುವವರೆಗೆ ಎಣಿಸಿ. ಮೂರು ಎಣಿಸಿದರೂ ಅಡಗದಿದ್ದರೆ ಅಲ್ಲಿ ಪಾಠ, ಭಾಷಣ, ಧ್ವನಿವರ್ಧಕದ ಕಾರ್ಯಕ್ರಮ ಯಾವುದೂ ಕೇಳುಗರಿಗೆ ಅರ್ಥವಾಗುವುದಿಲ್ಲ. ಮೌನವಾಗಿ ಓದುವುದಕ್ಕೆ ಮಾತ್ರ ಅದು ಅಡ್ಡಿಯಲ್ಲ. ನಮ್ಮ ಬೇಸಿಗೆಯಲ್ಲಿ ಹೊರಗೆ 43 ಡಿಗ್ರಿ ಇರುವಾಗ ದಪ್ಪ ಗೋಡೆಗಳ ಒಳಗೆ ಫ್ಯಾನಿಲ್ಲದೆ ಕೂರಬಹುದಾದ ತಂಪಿರುತ್ತದೆ. ಹಗಲು ಹೊತ್ತಿನ ಓದುವ ಕೊಠಡಿಯಾಗಿ, ಪತ್ರಿಕೆಗಳು ಮತ್ತು ಕೆಲವೇ ಕಪಾಟುಗಳೊಂದಿಗೆ ಆರಂಭಿಸುವುದು ಸರಿಯಾದ ಪ್ರಮಾಣ.

ತಾತ್ಕಾಲಿಕವಾಗಿ ಗೋದಾಮಾಗಿ ಬಳಸಿದರೆ ಏನಾಗುತ್ತದೆ?

ಬೇಡ. ಇದನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ತೊಗರಿ ಬೆಳೆಯುವ ಹಳ್ಳಿಯೊಂದರಲ್ಲಿ, ನವರಂಗದ ನಾಲ್ಕು ಕಂಬಗಳೂ ನುಣುಪಾಗಿ ನಿಂತಿದ್ದ ಶಿವಾಲಯವನ್ನು ಯೂರಿಯಾ ಮತ್ತು ಡಿಎಪಿ ಚೀಲ ಇಡಲು "ಒಂದು ಹಂಗಾಮಿಗೆ" ಬಿಟ್ಟುಕೊಟ್ಟಿದ್ದರು. ಆ ಮಾತುಕತೆಯಲ್ಲಿ ಈ ಉತ್ತರ ಬರೆಯುತ್ತಿರುವವರೂ ಇದ್ದರು ಮತ್ತು ಆಕ್ಷೇಪಿಸಲಿಲ್ಲ. ಮುಗಿಲು ಮುಚ್ಚಿದ ದಿನಗಳಲ್ಲಿ ಚೀಲಗಳು ತೇವ ಎಳೆದುಕೊಂಡವು, ಗೊಬ್ಬರ ಕರಗಿ ಚಪ್ಪಡಿಗಳ ಸಂದಿಗೆ ಇಳಿಯಿತು. ಮರು ಬೇಸಿಗೆಯಲ್ಲಿ ಕಂಬಗಳ ಬುಡದಲ್ಲಿ ಗೇಣುದ್ದ ಬಿಳಿ ಉಪ್ಪು ಹೂಬಿಟ್ಟಂತೆ ಕಾಣಿಸಿತು. ಬೆರಳಿನಿಂದ ಸವರಿದರೆ ಉಪ್ಪಿನ ಜೊತೆ ಕಲ್ಲಿನ ಸಿಪ್ಪೆಯೂ ಉದುರುತ್ತಿತ್ತು. ಕಲ್ಲಿನೊಳಗೆ ಹೊಕ್ಕ ಉಪ್ಪು ಪ್ರತಿ ಬಾರಿ ಒಣಗಿದಾಗ ಹರಳುಗಟ್ಟಿ ಹಿಗ್ಗುತ್ತದೆ, ಮೇಲ್ಮೈಯನ್ನು ಒಳಗಿನಿಂದ ಒಡೆಯುತ್ತದೆ. ಚೀಲಗಳು ಹೋಗಿ ಎಷ್ಟೋ ಕಾಲವಾದರೂ ಆ ಉದುರುವಿಕೆ ನಿಂತಿಲ್ಲ. ಕಂಬದ ಮೇಲಿದ್ದ ಸಣ್ಣ ಹಂಸಗಳ ಪಟ್ಟಿಯಲ್ಲಿ ಕೆಳಗಿನ ಸಾಲು ಈಗ ಬರೀ ಉಬ್ಬುಗಳಾಗಿ ಉಳಿದಿದೆ.

ಸಿಮೆಂಟ್, ಗ್ರಾನೈಟ್, ಆಯಿಲ್ ಪೇಂಟ್ ಬಳಸಿದರೆ ತಪ್ಪೇನು?

ಸುಣ್ಣದ ಗಾರೆಯ ಗೋಡೆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಒಳಗೆ ಸಿಕ್ಕಿಬಿದ್ದ ನೀರು ಮೃದುವಾದ ಕಲ್ಲನ್ನೇ ತಿನ್ನುತ್ತದೆ. ಹಳೆಯ ಶಹಾಬಾದ್ ಫರಸಿಯ ಸಂದಿಗಳಿಂದ ಉಸಿರಾಡುತ್ತಿದ್ದ ನೆಲದ ಮೇಲೆ ಹೊಳೆಯುವ ಗ್ರಾನೈಟ್ ಹಾಸಿದರೆ, ನೆಲದ ತೇವಕ್ಕೆ ಗೋಡೆ ಏರುವುದೊಂದೇ ದಾರಿ. ಜೊತೆಗೆ ನೆಲ ಎರಡಂಗುಲ ಏರಿ ಹೊಸ್ತಿಲಿನ ಕೆತ್ತನೆ ಹೂತುಹೋಗುತ್ತದೆ. ಆಯಿಲ್ ಪೇಂಟ್ ಬಗ್ಗೆ ಹೇಳುವುದೇ ಬೇಡ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಹೊರಗೋಡೆಯಲ್ಲಿ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯ ಬೆರಳಿನ ಮುಂದಿರುವ ಅಕ್ಷರಗಳಿಗೆ ಯಾರಾದರೂ ಹಳದಿ ಬಣ್ಣ ಬಳಿದರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ಹೆಸರಿಲ್ಲದ ಗುಡಿಗಳಲ್ಲಿ ಅದು ನಡೆದಿದೆ.

ಶೌಚಾಲಯ, ವಿದ್ಯುತ್, ಅಂಗವಿಕಲರಿಗೆ ದಾರಿ?

ಶೌಚಾಲಯ ಕಟ್ಟಡದೊಳಗೆ ಎಂದಿಗೂ ಬೇಡ. ದೂರದಲ್ಲಿ, ಇಳಿಜಾರಿನ ಕೆಳಗೆ ಇರಲಿ. ವಿದ್ಯುತ್ ತಂತಿಯನ್ನು ನೆಲದ ಮೇಲೆ ಕೊಳವೆಯಲ್ಲಿ ತನ್ನಿ, ದೀಪಗಳನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಗಾಲಿಕುರ್ಚಿಗೆ ಮರ ಅಥವಾ ಕಬ್ಬಿಣದ ಎತ್ತಿಡಬಹುದಾದ ಇಳಿಜಾರು ಸಾಕು.

ಯುರೋಪಿನಲ್ಲಿ ಚರ್ಚುಗಳು ಪುಸ್ತಕದಂಗಡಿ, ಹೋಟೆಲುಗಳಾಗಿವೆಯಲ್ಲ, ನಾವೇಕೆ ಮಾಡಬಾರದು?

ಅಲ್ಲಿಂದ ಕಲಿಯಬೇಕಾದದ್ದು ಬಳಕೆಯನ್ನಲ್ಲ, ಕೈಕೆಲಸದ ಎಚ್ಚರವನ್ನು. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ಊರಿನಲ್ಲಿ 13ನೇ ಶತಮಾನದ ಡೊಮಿನಿಕನ್ ಚರ್ಚೊಂದು 2006ರಲ್ಲಿ ಪುಸ್ತಕದಂಗಡಿಯಾಯಿತು. ಜಾಗ ಸಾಲದಿದ್ದುದರಿಂದ ಒಳಗೆ ಅಂತಸ್ತುಗಳುಳ್ಳ ಉಕ್ಕಿನ ಕಪಾಟನ್ನು ಎತ್ತರಕ್ಕೆ ನಿಲ್ಲಿಸಿದರು, ಆದರೆ ಹಳೆಯ ಗೋಡೆಗಳ ಮೇಲೆ ಅದರ ಭಾರ ಬೀಳದಂತೆ ಸ್ವತಂತ್ರವಾಗಿ ನಿಲ್ಲಿಸಿದರು. ಗಮನಿಸಬೇಕಾದ ಇನ್ನೊಂದು ಮಾತು: ಆ ಚರ್ಚಿನಲ್ಲಿ ಆರಾಧನೆ ನಿಂತು ಶತಮಾನಗಳೇ ಕಳೆದಿದ್ದವು. ಹತ್ತಿರದ ಉದಾಹರಣೆ ಬೇಕಾದರೆ ಹಳೆಯ ಗೋವೆಗೆ ಹೋಗಿ. ಅಲ್ಲಿ ಸಂತ ಫ್ರಾನ್ಸಿಸ್ ಅಸಿಸಿಯ ಮಠದ ಕಟ್ಟಡದಲ್ಲಿ ಪುರಾತತ್ವ ವಸ್ತುಸಂಗ್ರಹಾಲಯವಿದೆ. ಹೋಟೆಲಿನ ಬಗ್ಗೆ ನಮ್ಮ ಉತ್ತರ ಚಿಕ್ಕದು: ಒಲೆಯ ಹೊಗೆ, ಎಣ್ಣೆಯ ಜಿಡ್ಡು, ತೊಳೆದ ನೀರು, ಈ ಮೂರನ್ನೂ ತಡೆಯುವ ಗಾರೆ ಇಲ್ಲ. ಮಾಂಸ, ಮದ್ಯದ ಪ್ರಶ್ನೆ ಏಳುವ ಮೊದಲೇ ಯೋಜನೆ ಬಿದ್ದುಹೋಗುತ್ತದೆ.

ಇಷ್ಟೆಲ್ಲ ಏಕೆ, ಮತ್ತೆ ಪೂಜೆಯನ್ನೇ ಆರಂಭಿಸಿದರೆ ಆಗದೇ?

ಊರಿಗೆ ಮನಸ್ಸಿದ್ದು, ಹಕ್ಕಿನ ವಿವಾದವಿಲ್ಲದೆ, ಕಾನೂನೂ ಒಪ್ಪುವುದಾದರೆ ಮೂಲ ಬಳಕೆಗಿಂತ ಹೊಂದುವ ಬಳಕೆ ಬೇರೊಂದಿಲ್ಲ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ 1991ರಿಂದ ಸರ್ಕಾರ ಮತ್ತು ಊರವರ ಪಾಲುಗಾರಿಕೆಯಲ್ಲಿ ರಾಜ್ಯದ ಅನೇಕ ಹಳೆಯ ಗುಡಿಗಳನ್ನು ಬಿಚ್ಚಿ ಮತ್ತೆ ಕಟ್ಟಿ ನಿಲ್ಲಿಸಿದೆ. ಆದರೆ ಜೀರ್ಣೋದ್ಧಾರವೆಂಬ ಮಾತು ನಮ್ಮಲ್ಲಿ ಹಳೆಯದನ್ನು ಕೆಡವಿ ಕಾಂಕ್ರೀಟಿನ ಗೋಪುರ ಎಬ್ಬಿಸುವುದಕ್ಕೂ ಚಾಲ್ತಿಯಲ್ಲಿದೆ. ಹಾಗಾಗುವ ಸೂಚನೆ ಕಂಡರೆ ಓದುವ ಕೊಠಡಿಯೇ ಮೇಲು.

ಖರ್ಚಿನ ಲೆಕ್ಕವನ್ನು ಹೇಗೆ ಹಾಕಬೇಕು?

ದುರಸ್ತಿಯ ಖರ್ಚು ಒಮ್ಮೆ ಬರುತ್ತದೆ, ನಿರ್ವಹಣೆಯ ಖರ್ಚು ಪ್ರತಿ ವರ್ಷ ಬರುತ್ತದೆ. ಅನುದಾನಗಳು ಮೊದಲನೆಯದಕ್ಕೆ ಸಿಗುತ್ತವೆ, ಉದ್ಘಾಟನೆಯ ಕಲ್ಲೂ ಅದಕ್ಕೇ ಬೀಳುತ್ತದೆ. ಆದ್ದರಿಂದ ಪ್ರಸ್ತಾವನೆಯಲ್ಲಿ ಮೊದಲ ಪುಟದಲ್ಲಿಯೇ ಮೂರು ಪ್ರಶ್ನೆಗಳಿಗೆ ಉತ್ತರವಿರಬೇಕು: ಕೀಲಿ ಯಾರ ಮನೆಯಲ್ಲಿರುತ್ತದೆ, ಚಾವಣಿಯ ಮೇಲಿನ ಕಸ ಮತ್ತು ಸಸಿಗಳನ್ನು ಮಿರಗ (ಮೃಗಶಿರ) ಮಳೆಗೆ ಮುಂಚೆ ಯಾರು ತೆಗೆಯುತ್ತಾರೆ, ಆ ವ್ಯಕ್ತಿಗೆ ಕೂಲಿ ಎಲ್ಲಿಂದ ಬರುತ್ತದೆ. ಸುಣ್ಣದ ಕೆಲಸ ಬಲ್ಲ ಗೌಂಡಿಗಳು ಈಗ ಕೆಲವೇ ಮಂದಿ ಉಳಿದಿದ್ದಾರೆ. ಗಾರೆ ಕೊಳೆಯಲು, ಗಟ್ಟಿಯಾಗಲು ವಾರಗಳು ಬೇಕು. ಮಾರ್ಚ್ ಕೊನೆಗೆ ಹಣ ಮುಗಿಸಬೇಕೆಂಬ ಆತುರದಲ್ಲಿ ಮಾಡಿದ ಗಾರೆ ಜುಲೈಗೆ ಉದುರುತ್ತದೆ.

ಸೂಕ್ತ ಬಳಕೆ ಸಿಗದಿದ್ದರೆ?

ಚಾವಣಿ ಸೋರದಂತೆ ಮಾಡಿ, ಕುಸಿಯುವ ಕಡೆ ಆಸರೆ ಕೊಟ್ಟು, ಬಾಗಿಲಿಗೆ ಜಾಲರಿ ಹಾಕಿ, ದಾಖಲೆಯ ಒಂದು ಪ್ರತಿಯನ್ನು ಊರ ಶಾಲೆಯಲ್ಲಿಟ್ಟು ಸುಮ್ಮನಿರಿ. ಖಾಲಿ ಬಿಡುವುದೂ ಮೌಲ್ಯಮಾಪನದ ಒಂದು ಗೌರವಯುತ ಫಲಿತಾಂಶವೇ. ಯಾದಗಿರಿ ಕೋಟೆಯ ಬೆಟ್ಟದ ಮೇಲೆ ಗುಡಿ, ಮಸೀದಿ, ಜಿನಬಿಂಬಗಳು ಯಾವ ಹೊಸ ಉದ್ಯೋಗವೂ ಇಲ್ಲದೆ ಅಕ್ಕಪಕ್ಕ ನಿಂತಿವೆ, ಹತ್ತಿ ನೋಡಿದವರಿಗೆ ಕೊರತೆಯೇನೂ ಕಾಣುವುದಿಲ್ಲ.

ಬಳಕೆ ಆರಂಭವಾದ ಮೇಲೆ ಮೌಲ್ಯಮಾಪನ ಮುಗಿಯಿತೇ?

ಇಲ್ಲ. ಮೊದಲ ಮೂರು ವರ್ಷ, ಪ್ರತಿ ಮಳೆಗಾಲದ ನಂತರ, ಆರಂಭದಲ್ಲಿ ಫೋಟೋ ತೆಗೆದ ಜಾಗಗಳಿಂದಲೇ ಮತ್ತೆ ಫೋಟೋ ತೆಗೆದು ಪಕ್ಕಪಕ್ಕ ಇಟ್ಟು ನೋಡಬೇಕು. ಗಾಜಿನ ಪಟ್ಟಿಗಳನ್ನು ಪರೀಕ್ಷಿಸಬೇಕು. ಕಂಬದ ಬುಡದಲ್ಲಿ ಬಿಳುಪು ಕಂಡರೆ, ನೆಲದ ಚಪ್ಪಡಿ ಅಲುಗಿದರೆ, ದೀಪ ಹಚ್ಚಲು ಬರುತ್ತಿದ್ದ ಹೆಣ್ಣುಮಕ್ಕಳು ಬರುವುದನ್ನು ನಿಲ್ಲಿಸಿದ್ದರೆ, ಅವರ ಮನೆಗೆ ಹೋಗಿ ಏಕೆಂದು ಕೇಳಿ, ಕಪಾಟುಗಳನ್ನು ಹೊರಗೆ ತರಲು ಸಿದ್ಧರಿರಬೇಕು.